ಸಾಲ ತೀರಿದ ಮೇಲೆ

ಪ್ರತಿ ವರ್ಷ ರಮಝಾನ್ ಸಮೀಪಿಸಿದಾಗ ಮದ್ರಸದ ಮಕ್ಕಳಲ್ಲಿ ಒಬ್ಬನಾದರೂ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ: “ಹಜರತ್, ನಾನು ದೊಡ್ಡವನಾದೆನೇ? ಉಪವಾಸ ನನ್ನ ಮೇಲೆ ಫರ್ಝ್ ಆಯಿತೇ?” ಉತ್ತರ ಕಿತಾಬಿನಲ್ಲಿದೆ. ದೇಹದಲ್ಲಿ ಪ್ರಾಯದ ಗುರುತುಗಳು ಕಂಡರೆ ಅವನು ಬಾಲಿಗ್. ಕಾಣದಿದ್ದರೆ ಚಾಂದ್ರಮಾನದ 15 ವರ್ಷ ತುಂಬಿದಾಗ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇಬ್ನು ಉಮರ್(ರ)ರವರ ಪ್ರಸಂಗವನ್ನು ನಾವು ಆಗ ಹೇಳುತ್ತೇವೆ. ಉಹುದ್ ಯುದ್ಧಕ್ಕೆ ಹೊರಟಾಗ ಅವರಿಗೆ 14 ವರ್ಷ. ಪ್ರವಾದಿವರ್ಯರು(ಸ) ಮರಳಿ ಕಳುಹಿಸಿದರು. ಖಂದಕ್‌ನ ವೇಳೆಗೆ 15 ಆಗಿತ್ತು; ಸೇರಿಸಿಕೊಂಡರು. ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಕೇಳಿದವರೆಲ್ಲ ಬೆರಳು ಮಡಿಚಿ ತಮ್ಮ ವಯಸ್ಸನ್ನು ಎಣಿಸತೊಡಗುತ್ತಾರೆ.

ದೇಶದ ಕಾನೂನಿಗೆ 18 ವರ್ಷ ಸಾಕು. ಆದರೆ ಪವಿತ್ರ ಕುರ್‌ಆನಿನಲ್ಲಿ ಇನ್ನೊಂದು ಅಳತೆಯೂ ಇದೆ. ಸೂರಃ ಅನ್ನಿಸಾದ 6ನೇ ಸೂಕ್ತವು ಅನಾಥರ ಸೊತ್ತಿನ ಕುರಿತು ಮಾತನಾಡುತ್ತದೆ. ಅವರು ಪ್ರಾಯಕ್ಕೆ ಬಂದರೆಂಬ ಮಾತ್ರಕ್ಕೆ ಸೊತ್ತನ್ನು ಒಪ್ಪಿಸಿಬಿಡುವಂತಿಲ್ಲ. ಪರೀಕ್ಷಿಸಬೇಕು, ಅವರಲ್ಲಿ ‘ರುಶ್ದ್’ ಅಂದರೆ ವಿವೇಕ ಕಂಡ ಮೇಲೆ ಸಾಕ್ಷಿಗಳ ಸಮ್ಮುಖದಲ್ಲಿ ಒಪ್ಪಿಸಬೇಕು. ಪ್ರಾಯ ಒಂದು, ವಿವೇಕ ಇನ್ನೊಂದು. ಈ ಸೂಕ್ತವನ್ನು ನಾವು ಹತ್ತಾರು ಸಲ ಪಾಠ ಹೇಳಿದ್ದೇವೆ. ಹೇಳುವಾಗ ಪರೀಕ್ಷೆಗೆ ಒಳಗಾಗಬೇಕಾದವನು ಬೇರೆ ಯಾರೋ ಎಂದೇ ಭಾವಿಸಿದ್ದೆವು.

2017ರ ಬೇಸಿಗೆಯಲ್ಲಿ ನಮ್ಮ ಅಬ್ಬಾ ತೀರಿಕೊಂಡರು. ನಮ್ಮ ಊರು ಕೋಲಾರ ತಾಲ್ಲೂಕಿನ ಸುಗಟೂರು. ಹೊಸಕೋಟೆಯನ್ನು ಕಟ್ಟಿದ ತಮ್ಮೇಗೌಡನ ಪಾಳೆಯಗಾರ ವಂಶಕ್ಕೆ ಹೆಸರು ಕೊಟ್ಟ ಊರು ಇದು. ಅಬ್ಬಾರವರದು ಬೇಸಾಯದ ಬದುಕು. ನಾವು ಓದಿ, ಕೋಲಾರ ಪೇಟೆಯಲ್ಲಿ ಪಾಠ ಹೇಳಿಕೊಂಡಿದ್ದವರು. ಅಂದು ಝುಹರ್ ನಮಾಝಿನ ಬಳಿಕ ಮಯ್ಯಿತ್ ಮುಂದೆ ಸಫ್‌ಗಳು ನಿಂತವು. ಊರಿನ ಇಮಾಮರು ನಮ್ಮ ಕಡೆ ತಿರುಗಿ, “ವಲೀ ನೀವೇ ಅಲ್ಲವೇ, ನೀವೇ ಮುಂದೆ ನಿಲ್ಲಿ” ಎಂದರು. ನಮಗಾಗ 38 ವರ್ಷ. ಅದುವರೆಗೆ ಎಷ್ಟೋ ಜನಾಝ ನಮಾಝ್‌ಗಳಿಗೆ ಇಮಾಮತ್ ಮಾಡಿದ್ದೆವು. ಆದರೂ ಆ ಕ್ಷಣ, ಯಾರಾದರೂ ಹಿರಿಯರು ಇರಬಹುದೇ ಎಂದು ಹಿಂದಕ್ಕೆ ತಿರುಗಿ ನೋಡಿದೆವು. ಚಿಕ್ಕಂದಿನಿಂದ ಹಾಗೆ ತಿರುಗಿದಾಗಲೆಲ್ಲ ಕಾಣುತ್ತಿದ್ದವರು ಅಬ್ಬಾ. ಅವರು ಈಗ ಮುಂದೆ, ಬಿಳಿಯ ಕಫನ್‌ನಲ್ಲಿ ಮಲಗಿದ್ದರು.

ನಮಾಝಿಗೆ ಮೊದಲು ಹೇಳಬೇಕಾದ ಮಾತೊಂದಿತ್ತು. ಪ್ರವಾದಿವರ್ಯರು(ಸ) ಜನಾಝ ತಂದಾಗ ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಎರಡು ದೀನಾರ್ ಸಾಲ ಉಳಿಸಿ ಹೋದವನೊಬ್ಬನಿಗೆ ನಮಾಝ್ ನಿರ್ವಹಿಸಲು ಮುಂದಾಗಲಿಲ್ಲ. ಅಬೂ ಕತಾದಾ(ರ) ಆ ಸಾಲವನ್ನು ತಾವು ವಹಿಸಿಕೊಂಡ ಮೇಲೆಯೇ ನಮಾಝ್ ಆಯಿತು. ಆ ಪದ್ಧತಿಯ ನೆನಪಿನಲ್ಲಿ ನಾವು ಗಟ್ಟಿಯಾಗಿ, “ನಮ್ಮ ತಂದೆಯಿಂದ ಯಾರಿಗಾದರೂ ಬರಬೇಕಾದ ಹಣವಿದ್ದರೆ ನಮ್ಮನ್ನು ಕೇಳಿ, ಅದು ನಮ್ಮ ಹೊಣೆ” ಎಂದೆವು. ಮಸೀದಿಯ ಕಾಂಪೌಂಡಿನ ಹೊರಗೆ ನಿಂತಿದ್ದ ಊರಿನ ಇತರ ಸಮುದಾಯದ ರೈತರಿಗೂ ಕೇಳಿಸಲೆಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆವು.

ಮೂರನೆಯ ದಿನ ಪಕ್ಕದ ಹೊಲದ ವೃದ್ಧರೊಬ್ಬರು ಬಂದು ಜಗುಲಿಯ ಮೇಲೆ ಕುಳಿತರು. ಬಹಳ ಹೊತ್ತು ಮಳೆಯ ಮಾತಾಡಿದರು. ಏಳುವಾಗ, “ಮೋಟರು ಸುಟ್ಟೋದಾಗ ನಿಮ್ಮಪ್ಪ ನನ್ನ ಹತ್ರ ಹನ್ನೆರಡು ಸಾವಿರ ಇಸ್ಕೊಂಡಿದ್ದ. ನಾನು ಕೇಳೋಕೆ ಬರ್ತಿರಲಿಲ್ಲ ಕಣಪ್ಪ. ನೀನು ಅವತ್ತು ಕೂಗಿ ಹೇಳಿದೆ, ಅದಕ್ಕೆ ಬಂದೆ” ಎಂದರು. ಕಾಗದವಿಲ್ಲ, ಪತ್ರವಿಲ್ಲ. ಕೊಟ್ಟೆವು. ಆಮೇಲೆ ಗೊಬ್ಬರದ ಅಂಗಡಿ, ಮಂಡಿಯ ಮುಂಗಡ, ಎರಡು ಕೈಸಾಲ. ಸಂಬಳದಲ್ಲಿ ಉಳಿಸಿ, ಮಡದಿಯ ಎರಡು ಬಳೆ ಮಾರಿ, 2019ರ ವೇಳೆಗೆ ಎಲ್ಲವನ್ನೂ ತೀರಿಸಿದೆವು. ಅಲ್‌ಹಮ್ದುಲಿಲ್ಲಾಹ್. ಊರಿನಲ್ಲಿ ಜನ ಹೊಗಳಿದರು. ಮಗ ಎಂದರೆ ಹೀಗಿರಬೇಕು ಎಂಬ ಮಾತು ನಮ್ಮ ಕಿವಿಗೂ ಬಿತ್ತು, ಮನಸ್ಸಿಗೂ ಹಿತವಾಯಿತು.

ಕೊನೆಯ ಸಾಲ ತೀರಿದ ದಿನ ನಾವು ಕೋಲಾರದ ಮಕ್ಬರಾಕ್ಕೆ ಹೋಗಿ ಸ್ವಲ್ಪ ಹೊತ್ತು ಕುಳಿತೆವು. ಅಲ್ಲಿ ಮಲಗಿರುವವರು ಕೋಲಾರದ ಫೌಜುದಾರರಾಗಿದ್ದ ಫತೇ ಮುಹಮ್ಮದ್, ಹೈದರ್ ಅಲಿಯ ತಂದೆ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಅವನ ಶರೀರವನ್ನೂ ಮೊದಲು ಇಲ್ಲಿಯೇ ಇರಿಸಿ, ಬಳಿಕ ಶ್ರೀರಂಗಪಟ್ಟಣಕ್ಕೆ ಒಯ್ದರು. ಬೂದಿಕೋಟೆಯಲ್ಲಿ ಹುಟ್ಟಿದ ಆ ಹುಡುಗನ ಬಾಲ್ಯದ ಒಂದು ಸಂಗತಿ ನಮ್ಮನ್ನು ಯಾವಾಗಲೂ ಕಾಡುತ್ತದೆ. ಫತೇ ಮುಹಮ್ಮದ್ ಶಿರಾದ ಕಡೆಯ ಕಾಳಗದಲ್ಲಿ ಮಡಿದಾಗ ಅವನ ಇಬ್ಬರು ಗಂಡುಮಕ್ಕಳು ಎಳೆಯರು. ತಂದೆಯಿಂದ ಬಾಕಿ ಬರಬೇಕೆಂದು ಹೇಳಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್ ಮನೆಯನ್ನು ದೋಚಿದ್ದಲ್ಲದೆ, ಆ ಮಕ್ಕಳನ್ನು ನಗಾರಿಯೊಳಗೆ ತುಂಬಿ ಮೇಲೆ ಬಡಿಸಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಶರೀಅತ್‌ನಲ್ಲಿ ತಂದೆಯ ಸಾಲ ತಂದೆ ಬಿಟ್ಟುಹೋದ ಸೊತ್ತಿನಿಂದ ತೀರಬೇಕೇ ಹೊರತು ಮಕ್ಕಳ ಮೈಯಿಂದಲ್ಲ. ಬಾಲಿಗ್ ಆಗದ ಮಗುವಿನ ಕರ್ಮಗಳನ್ನು ಬರೆಯುವ ಲೇಖನಿಯನ್ನೇ ಅಲ್ಲಾಹನು ಎತ್ತಿಟ್ಟಿದ್ದಾನೆ. ಆ ಮಕ್ಕಳನ್ನು ಬಲವಂತದಿಂದ ದೊಡ್ಡವರನ್ನಾಗಿಸಿದರು. ನಾವೋ, ನಮ್ಮ ಇಚ್ಛೆಯಿಂದ ಹೊಣೆ ಹೊತ್ತು ದೊಡ್ಡವರಾದೆವು ಎಂದು ಅಂದು ಆ ನೆರಳಿನಲ್ಲಿ ಕುಳಿತು ಅಂದುಕೊಂಡೆವು. ಅಹಂಕಾರ ಮಕ್ಬರಾದೊಳಗೂ ಬರುತ್ತದೆ.

ಏಕೆಂದರೆ ಸೂರಃ ಅನ್ನಿಸಾದ 11ನೇ ಸೂಕ್ತ ಸಾಲಕ್ಕೇ ನಿಲ್ಲುವುದಿಲ್ಲ. ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ವಾರಸುದಾರರ ಪಾಲು. ನಮಗೆ ಇಬ್ಬರು ಸಹೋದರಿಯರು. ಹಿರಿಯರಾದ ಆಪಾ ಶ್ರೀನಿವಾಸಪುರದಲ್ಲಿ, ಕಿರಿಯವಳು ಮುಳಬಾಗಿಲಿನಲ್ಲಿ. ಹೊಲ ಮೂರು ಎಕರೆ ಎಂಟು ಗುಂಟೆ. ಅಬ್ಬಾ ಹೋದಾಗ ಕೊಳವೆಬಾವಿ ಒಣಗಿತ್ತು, ಹೊಲ ಬರಡಾಗಿತ್ತು. ಬರಡು ನೆಲದಲ್ಲಿ ಯಾರ ಪಾಲು ಎಷ್ಟೆಂದು ಯಾರು ಕೇಳುತ್ತಾರೆ? ನಾವೂ ಹೇಳಲಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿತು. (ಆ ನೀರಿನಿಂದ ವುಝೂ ಆಗುತ್ತದೆಯೇ ಎಂದು ನಮ್ಮನ್ನು ಕೇಳದವರಿಲ್ಲ, ಅದಕ್ಕೆ ಬೇರೆಯೇ ಬರಹ ಬೇಕು.) 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಹರಿದವು. ನಮ್ಮ ಕೊಳವೆಬಾವಿಯಲ್ಲೂ ನೀರು ಬಂತು. ಹೊಲವನ್ನು ವಾರಕ್ಕೆ ಕೊಟ್ಟೆವು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ಓದುಗರಿಗೆ ನೆನಪಿರಬಹುದು. ಆ ವರ್ಷ ನಮ್ಮ ಪಾಲಿಗೆ ಬಂದ ಹಣದಲ್ಲಿ ಮನೆಗೆ ಒಂದು ಕೋಣೆ ಕಟ್ಟಿಸಿದೆವು. ಪ್ರತಿ ಬೇಸಿಗೆ ಆಪಾ ಕಳುಹಿಸುವ ಮಾವಿನಹಣ್ಣಿಗೆ ಪ್ರತಿಯಾಗಿ ಎರಡು ಬಾಕ್ಸ್ ಟೊಮೆಟೊ ಕಳುಹಿಸಿದೆವು. ಅದನ್ನು ಅವರು ಅಕ್ಕಪಕ್ಕದವರಿಗೆಲ್ಲ ಹಂಚಿ, “ನಮ್ಮ ತವರಿನ ಹೊಲದ್ದು” ಎಂದರಂತೆ.

ನಾವು ಮರೆತಿರಲಿಲ್ಲ. ಈ ಮಾತನ್ನು ಸ್ಪಷ್ಟವಾಗಿ ಬರೆಯಬೇಕು. ಮರೆತಿದ್ದೆವು ಎಂದರೆ ಅದು ಇನ್ನೊಂದು ಸುಳ್ಳು. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ತೀರಿಸಿದರೆ ಊರೇ ಹೊಗಳುತ್ತದೆ. ಸಹೋದರಿಯರು ಬಾಗಿಲಿಗೆ ಬಂದರೂ ಈದಿಗೆ ಬರುತ್ತಾರೆ, ಏನೂ ಕೇಳದೆ ಹೋಗುತ್ತಾರೆ. ಕೊಟ್ಟರೂ ಹೊಗಳುವವರಿಲ್ಲ, ಹೆಣ್ಣುಮಕ್ಕಳಿಗೆ ಹೊಲ ಬರೆದುಕೊಟ್ಟನಂತೆ ಎಂದು ನಗುವವರು ಇದ್ದಾರೆ.

ಕಳೆದ ವರ್ಷ ಫರಾಇಝ್ ಅಂದರೆ ಪಾಲು ಹಂಚಿಕೆಯ ಪಾಠ ನಡೆಯುತ್ತಿತ್ತು. ಉದಾಹರಣೆಗೆಂದು ನಮ್ಮ ಬಾಯಿಗೆ ನಮ್ಮದೇ ಮನೆ ಬಂದುಬಿಟ್ಟಿತು. ಒಬ್ಬ ವ್ಯಕ್ತಿ ತೀರಿಕೊಂಡ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹೊಲ 128 ಗುಂಟೆ. ಹದಿಮೂರು ವರ್ಷದ ಹುಡುಗನೊಬ್ಬ ಹಲಗೆಗೆ ಬಂದು ಬಿಡಿಸಿದ. ಹೆಂಡತಿಗೆ ಎಂಟನೇ ಒಂದು, 16 ಗುಂಟೆ. ಉಳಿದ 112ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದೊಂದು. ಮಗನಿಗೆ 56, ಹೆಣ್ಣುಮಕ್ಕಳಿಗೆ 28, 28. ಸರಿಯಾಗಿತ್ತು. ಕೈಯ ಸುಣ್ಣದ ಪುಡಿ ಒರೆಸಿಕೊಳ್ಳುತ್ತಾ ಅವನು, “ಇದು ನಿಜವಾದ ಹೊಲವೇ ಹಜರತ್? ಅವರಿಗೆ ಕೊಟ್ಟರೇ?” ಎಂದು ಕೇಳಿದ. ಮಕ್ಕಳು ಕೇಳುವ ಹಾಗೆಯೇ ಕೇಳಿದ, ಅದರಲ್ಲಿ ಬೇರೇನೂ ಇರಲಿಲ್ಲ. ನಾವು ಉತ್ತರ ಕೊಡದೆ ಹಲಗೆ ಒರೆಸಿದೆವು. ಬಾಲಿಗ್ ಆಗದ ಹುಡುಗನೊಬ್ಬ ರುಶ್ದ್‌ನ ಪರೀಕ್ಷೆ ಮಾಡಿ, ನಮ್ಮನ್ನು ಅನುತ್ತೀರ್ಣಗೊಳಿಸಿದ್ದ.

ಮಾರನೆಯ ಜುಮಾ ಕಳೆದು ಶ್ರೀನಿವಾಸಪುರಕ್ಕೆ ಹೋದೆವು. ವಿಷಯ ಎತ್ತಿದೊಡನೆ ಆಪಾ ಅಡುಗೆಮನೆಗೆ ಎದ್ದು ಹೋದರು. ಚಹಾ ತಂದಿಟ್ಟು, “ನನಗೆ ಹೊಲ ಬೇಡ ಬಾಬು. ತವರಿನ ಬಾಗಿಲು ತೆರೆದಿರಲಿ, ಅಷ್ಟು ಸಾಕು” ಎಂದರು. ನಮ್ಮನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರು. ಇಂತಹ ಮಾತನ್ನು ಕೇಳಿದ ಎಷ್ಟೋ ಅಣ್ಣತಮ್ಮಂದಿರು ನಿಟ್ಟುಸಿರು ಬಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದಾರೆ. ಒಂದು ಕ್ಷಣ ನಮ್ಮ ಮನಸ್ಸೂ ಆ ಕಡೆ ವಾಲಿತು. ಆದರೆ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಬಿಟ್ಟುಕೊಟ್ಟದ್ದು ಮನಸಾರೆ ಕೊಟ್ಟದ್ದಾಗುವುದಿಲ್ಲ. ಮನಸ್ಸಿನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮುಸ್ಲಿಮನ ಸೊತ್ತು ಹಲಾಲ್ ಅಲ್ಲವೆಂದು ಹದೀಸ್ ಇದೆ. “ಮೊದಲು ನಿಮ್ಮ ಹೆಸರಿಗೆ ಬರಲಿ ಆಪಾ. ಆಮೇಲೆ ಏನು ಮಾಡುತ್ತೀರೋ ನಿಮ್ಮಿಷ್ಟ. ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ” ಎಂದೆವು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಮುಳಬಾಗಿಲಿನ ತಂಗಿ ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. “ಏಳು ವರ್ಷ ಕಾದೆ ಭಾಯಿ, ನೀವಾಗಿಯೇ ಹೇಳಲಿ ಎಂದು” ಎಂದಳು. ಟೊಮೆಟೊ ಹಣದ ಲೆಕ್ಕವನ್ನೂ ಕೇಳಿದಳು. ಕೊಟ್ಟೆವು, ಇನ್ನೂ ಕಂತಿನಲ್ಲಿ ಕೊಡುತ್ತಿದ್ದೇವೆ.

ಪೌತಿ ಖಾತೆಗೆ ಅರ್ಜಿ ಹಾಕಲು ಹೋದಾಗ ಇನ್ನೊಂದು ತಿಳಿಯಿತು. ಪಹಣಿ ಅಬ್ಬಾರವರ ಹೆಸರಿನಲ್ಲಿ ಇರಲೇ ಇಲ್ಲ. ಅದು ಇನ್ನೂ ದಾದಾರವರ ಹೆಸರಿನಲ್ಲಿತ್ತು. ಹಾಗಾಗಿ ವಂಶವೃಕ್ಷ ದಾದಾರಿಂದಲೇ ಆರಂಭವಾಗಬೇಕು. ಬರೆದುಕೊಳ್ಳಲು ಅಮ್ಮಿಯ ಬಳಿ ಕುಳಿತೆವು. ದಾದಾರವರ ಮಕ್ಕಳು ಯಾರು ಯಾರು? ಅಬ್ಬಾ ಎಂದು ಬರೆದು ಲೇಖನಿ ಎತ್ತಿದೆವು. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಫುಪ್ಪುವಿನ ಹೆಸರು ಬರೆಯುವುದಿಲ್ಲವೇ?” ಎಂದರು.

ಅಬ್ಬಾರವರ ಒಬ್ಬಳೇ ಅಕ್ಕ, ನಮ್ಮ ಫುಪ್ಪು, ಕೆ.ಜಿ.ಎಫ್‌ನಲ್ಲಿದ್ದಾರೆ. ಪ್ರತಿ ಈದಿಗೆ ನಮಗೆ ಅಂಗಿ ಬಟ್ಟೆ ಕೊಟ್ಟವರು. ಗಣಿ ಮುಚ್ಚಿದ 2001ರ ನಂತರದ ಕಷ್ಟದ ದಿನಗಳಲ್ಲೂ ತಪ್ಪಿಸದೆ ಕೊಟ್ಟವರು. ಅಬ್ಬಾರವರ ಎಲ್ಲ ಸಾಲ ತೀರಿಸಿದೆವೆಂದು ಮಕ್ಬರಾದಲ್ಲಿ ಕುಳಿತು ಬೀಗಿದ್ದೆವಲ್ಲ, ಎಲ್ಲಕ್ಕಿಂತ ದೊಡ್ಡದು ಅಲ್ಲಿತ್ತು. ಕೂಗಿ ಹೇಳಿದ ದಿನ ಅವರು ಹೆಂಗಸರ ನಡುವೆ ಮನೆಯೊಳಗೆ ಕುಳಿತಿದ್ದರು. ಆ ಕೂಗು ಅವರಿಗೆ ಕೇಳಿಸಿತೋ ಇಲ್ಲವೋ, ಕೇಳುವ ಧೈರ್ಯ ನಮಗಿನ್ನೂ ಬಂದಿಲ್ಲ.

ಹಲಗೆಯ ಮೇಲಿನ ಲೆಕ್ಕ ಹೀಗೆ ತಪ್ಪಾಯಿತು. ದಾದಿ ಮೊದಲೇ ತೀರಿಕೊಂಡಿದ್ದರಿಂದ ದಾದಾರವರ 128 ಗುಂಟೆಯಲ್ಲಿ ಮೂರನೇ ಒಂದು ಫುಪ್ಪುವಿನದು. 42 ಗುಂಟೆಗೂ ಮಿಗಿಲು. ಉಳಿದ 85 ಚಿಲ್ಲರೆ ಗುಂಟೆಯಲ್ಲಿ ಅಮ್ಮಿಗೆ ಹತ್ತೂಮುಕ್ಕಾಲಿಗೆ ಹತ್ತಿರ, ಸಹೋದರಿಯರಿಗೆ ಹದಿನೆಂಟೂಮುಕ್ಕಾಲಿಗೆ ಹತ್ತಿರ, ನಮಗೆ 37 ಚಿಲ್ಲರೆ. ಆಪಾ ಮತ್ತು ತಂಗಿಗೆ ಫೋನ್ ಮಾಡಿ, 28 ಅಲ್ಲ ಎಂದು ಹೇಳಬೇಕಾಯಿತು. ತಂಗಿ ನಕ್ಕಳು. “ಫುಪ್ಪುವಿಗೆ ಮೊದಲು ಹೋಗಿ ಹೇಳಿ” ಎಂದಳು.

ಹೋದೆವು. ಫುಪ್ಪುವಿಗೆ ಈಗ ಕಣ್ಣು ಮಂಜು. ಮೊದಲು ಯಾರು ಸತ್ತರೆಂದು ಕೇಳಿದರು, ಹೇಳದೆ ಕೇಳದೆ ನಾವು ಬಂದದ್ದಕ್ಕೆ. ನಕ್ಷೆ ತೆಗೆದು, ಗುಂಟೆಗಳನ್ನು ವಿವರಿಸಿದೆವು. ಅವರೂ ಬೇಡವೆನ್ನಬಹುದು, ಬೇಡವೆಂದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆವು. ಅವರು ನಕ್ಷೆಯ ಮೇಲೆ ಕೈಯಾಡಿಸಿ, “ಬದುವಿನ ಮೇಲಿನ ಹುಣಸೆ ಮರ ಇದೆಯಾ?” ಎಂದು ಕೇಳಿದರು. ಇದೆ ಎಂದೆವು.

“ಹಾಗಾದರೆ ನನಗೆ ಆ ಕಡೆಯದು ಬೇಕು” ಎಂದರು.

ಸರ್ವೆಗೆ ಅರ್ಜಿ ಹಾಕಿದ್ದೇವೆ. ಹುಣಸೆ ಮರದ ಕಡೆಯಿಂದಲೇ ಅಳೆಯಬೇಕೆಂದು ಮೊದಲೇ ತಿಳಿಸಿದ್ದೇವೆ.