ಎರಡು ಪೆಟ್ಟಿಗೆ, ಒಂದೇ ಪರೀಕ್ಷೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಸೇರಿ ಐದು ಕಂಪ್ಯೂಟರಿಗಾಗುವಷ್ಟು ಹಣ ಕೊಟ್ಟರು. ಆರಿಸಿ ತರುವ ಹೊಣೆ ನನ್ನ ತಲೆಗೆ ಬಂತು. ಒಳಗಿನ ಪ್ರೊಸೆಸರ್ ಇಂಟೆಲ್‌ನದಿರಬೇಕೋ ಎಎಂಡಿಯದೋ? ಅಂಗಡಿಯವರು ಒಂದು ಪಟ್ಟಿ ಮುಂದಿಟ್ಟು, "ಇದಕ್ಕೇ ಜಾಸ್ತಿ ಅಂಕ ಮೇಡಂ" ಎಂದರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಅಂಕ ಕೊಟ್ಟವರು ಯಾರು, ಪರೀಕ್ಷೆ ನಡೆದದ್ದು ಹೇಗೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ತಂಗಿಯ ಮಗ ಎಂಜಿನಿಯರು. "2018ರ ಕಥೆ ಹೇಳ್ತೀನಿ ಕೇಳು ದೊಡ್ಡಮ್ಮ" ಎಂದ. ಆ ಅಕ್ಟೋಬರಿನಲ್ಲಿ ಇಂಟೆಲ್ ತನ್ನ ಕೋರ್ ಐ9-9900ಕೆ ಎಂಬ ಹೊಸ ಪ್ರೊಸೆಸರನ್ನು ಎಎಂಡಿಯ ರೈಜನ್ 7 2700ಎಕ್ಸ್ ಜೊತೆ ಆಟಗಳಲ್ಲಿ ಹೋಲಿಸಲು ಪ್ರಿನ್ಸಿಪಲ್ಡ್ ಟೆಕ್ನಾಲಜೀಸ್ ಎಂಬ ಸಂಸ್ಥೆಗೆ ದುಡ್ಡು ಕೊಟ್ಟು ವಹಿಸಿತ್ತು. ಎರಡಕ್ಕೂ ಎಂಟೆಂಟು ಕೋರ್. ಕೋರ್ ಎಂದರೆ ಕೆಲಸದ ಕೈ ಎಂದುಕೊಳ್ಳಿ. ರೈಜನ್ನನ್ನು "ಗೇಮ್ ಮೋಡ್"ನಲ್ಲಿಟ್ಟಿದ್ದರಿಂದ ಅದರ ನಾಲ್ಕು ಕೈ ಕಟ್ಟಿಹೋಗಿದ್ದವು. ಸಾಲದ್ದಕ್ಕೆ ಇಂಟೆಲ್‌ಗೆ ಬೇರೆ ಕೊಂಡ ದೊಡ್ಡ ಕೂಲರ್, ರೈಜನ್‌ಗೆ ಡಬ್ಬದಲ್ಲೇ ಬಂದದ್ದು. ಪ್ರೊಸೆಸರ್ ತೀರಾ ಕಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದಂತೆ. ತಿಳಿದವರು ಗದ್ದಲವೆಬ್ಬಿಸಿದ ಮೇಲೆ ಎಂಟೂ ಕೈ ಬಿಚ್ಚಿ ಮತ್ತೆ ಪರೀಕ್ಷಿಸಿದರು. ಹಲವು ಆಟಗಳಲ್ಲಿ ಅಂತರ ಕುಗ್ಗಿತು. ಆಗಲೂ ಮುಂದಿದ್ದದ್ದು ಇಂಟೆಲೇ. ಹೇಗೂ ಗೆಲ್ಲುವ ಹುಡುಗಿಯ ಪರೀಕ್ಷೆಯನ್ನು ಹೀಗೆ ಕೆಡಿಸಿದರಲ್ಲ ಎಂದು ನನಗೆ ಬೇಸರವಾಯಿತು.

ನ್ಯಾಯವಾಗಿ ನೋಡಬೇಕಾದರೆ ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್, ಕೂಲರ್, ವಿಂಡೋಸ್ ಎಲ್ಲವೂ ಒಂದೇ ಇರಬೇಕು. ಮದರ್‌ಬೋರ್ಡ್ ಮಾತ್ರ ಬೇರೆಯಾಗದೆ ವಿಧಿಯಿಲ್ಲ, ಒಬ್ಬರದು ಇನ್ನೊಬ್ಬರದಕ್ಕೆ ಕೂರುವುದಿಲ್ಲ. ಒಂದೇ ಸಲ ಓಡಿಸಿ ನಂಬಬಾರದು. ಆಟದ ಚಿತ್ರ ತುಂಬಾ ಸ್ಪಷ್ಟವಾಗಿರಲಿ ಎಂದರೆ ಹೊರೆಯೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಆಗ ಎರಡು ಪ್ರೊಸೆಸರೂ ಸಮವೆನಿಸುತ್ತವೆ. ಹಿಟ್ಟಿನ ಗಿರಣಿಯ ಮುಂದೆ ಸಾಲಿದ್ದರೆ ಓಡಿ ಬಂದವಳೂ ನಿಲ್ಲಬೇಕು, ನಡೆದು ಬಂದವಳೂ ನಿಲ್ಲಬೇಕು!

ಇಷ್ಟು ಕಲಿತು ಮತ್ತೆ ಅಂಗಡಿಗೆ ಹೋದೆ. "ಎಷ್ಟು ಬೇಗ ಆನ್ ಆಗುತ್ತೆ ನೋಡಿ" ಎಂದು ತೋರಿಸಿದ ಯಂತ್ರದಲ್ಲಿ ಎಸ್‌ಎಸ್‌ಡಿ ಇತ್ತು, ಪಕ್ಕದ್ದರಲ್ಲಿ ಹಳೆಯ ಬಗೆಯ ಹಾರ್ಡ್‌ಡಿಸ್ಕು. ಎರಡಕ್ಕೂ ಒಂದೇ ಥರದ ಎಸ್‌ಎಸ್‌ಡಿ, ಅಷ್ಟೇ ಮೆಮೊರಿ ಹಾಕಿಸಿದೆ. ನಮಗೆ ಬೇಕಿದ್ದದ್ದು ಆಟವಲ್ಲವಲ್ಲ. ಇಡೀ ಶಾಲೆಯ ಅಂಕಪಟ್ಟಿ, ನುಡಿಯಲ್ಲಿ ಟೈಪಿಂಗ್, ಒಂದು ಪಾಠದ ವಿಡಿಯೋ. ಮಗರಾಯ ಗಡಿಯಾರ ಹಿಡಿದು ಮೂರು ಮೂರು ಸಲ ಓಡಿಸಿದ. ಅಂಗಡಿಯವರ ಮುಖ ಸ್ವಲ್ಪ ಸಣ್ಣಗಾಯಿತು, ಆದರೂ ಟೀ ತರಿಸಿದರು. ವ್ಯತ್ಯಾಸ ಒಂದೆರಡು ಸೆಕೆಂಡು. ಕಡಿಮೆ ಬೆಲೆಯದನ್ನೇ ಐದು ತಂದೆವು. ಉಳಿದ ಹಣಕ್ಕೆ ಯುಪಿಎಸ್ ಬಂತು. ನಮ್ಮೂರಿನ ಕರೆಂಟಿಗೆ ಅದು ಬೇಕೇ ಬೇಕು.