ನೋವಿದೆ, ರಿಪೋರ್ಟಿನಲ್ಲಿಲ್ಲ

ಕೇಳಿದ್ರೇನೇ ನಂಗೆ ಮೈ ಉರಿಯೋ ಪದ ಒಂದಿದೆ. 'ನಾರ್ಮಲ್'.

ಇಎಸ್‌ಆರ್ ನಾರ್ಮಲ್. ಸಿಆರ್‌ಪಿ ನಾರ್ಮಲ್. ಥೈರಾಯ್ಡ್ ನಾರ್ಮಲ್. ಬೆನ್ನಿನ ಎಕ್ಸ್‌ರೇ ನಾರ್ಮಲ್. ಸಂಧಿವಾತದ ಟೆಸ್ಟ್ ನೆಗೆಟಿವ್. ವಿಟಮಿನ್ ಡಿ ಸ್ವಲ್ಪ ಕಮ್ಮಿ ಇತ್ತು, ಮಾತ್ರೆ ತಗೊಂಡು ಅದನ್ನೂ ಸರಿ ಮಾಡ್ಕೊಂಡಿದ್ದಾಯ್ತು. ನೋವು ಮಾತ್ರ ಇದ್ದ ಜಾಗದಲ್ಲೇ ಇತ್ತು. ಎರಡು ವರ್ಷದಲ್ಲಿ ನಾಲ್ಕು ಜನ ಡಾಕ್ಟರು, ಒಂದು ಬಟ್ಟೆಚೀಲದ ತುಂಬ ರಿಪೋರ್ಟು. 'ಖುಷಿಪಡಿ ಮೇಡಂ, ನಿಮಗೇನೂ ಇಲ್ಲ' ಅಂದ್ರು. ಬೆಳಗ್ಗೆ ಹಲ್ಲುಜ್ಜೋಕೆ ಕೈ ಎತ್ತೋಕಾಗದೇ ಇರೋಳು ಅದು ಹ್ಯಾಗೆ ಖುಷಿಪಡೋದು ಹೇಳಿ?

ಈ ನೋವು ಹೇಗಿರುತ್ತೆ ಅಂತ ಕೇಳಿದ್ರೆ ಹೇಳೋದು ಕಷ್ಟ. ರಾತ್ರಿಯೆಲ್ಲ ಯಾರದೋ ಹೊಲದಲ್ಲಿ ಕೂಲಿ ಮಾಡಿ ಬಂದು ಎದ್ದ ಹಾಗಿರುತ್ತೆ. ಇವತ್ತು ಕತ್ತು ಭುಜ, ನಾಳೆ ಸೊಂಟ ತೊಡೆ, ಒಂದೊಂದು ದಿನ ಎಲ್ಲಾ ಒಟ್ಟಿಗೆ. ಮಗಳು ಪ್ರೀತಿಯಿಂದ ತೋಳು ಹಿಡ್ಕೊಂಡ್ರೂ 'ಆಯ್' ಅನ್ನೋ ಹಾಗಾಗುತ್ತೆ. ಎಂಟು ಗಂಟೆ ಮಲಗಿದ್ರೂ ನಿದ್ದೆ ಮಾಡಿದ ಹಾಗಿರಲ್ಲ. ಇದರ ಜೊತೆ ತಲೆಗೆ ಮಂಜು ಕವಿದ ಹಾಗೆ ಮರೆವು ಬೇರೆ. ನಾನು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡೋಳು. ಹದಿನೈದು ವರ್ಷದಿಂದ ಬರೀತಾ ಇರೋ ಸೂತ್ರ ಬೋರ್ಡ್ ಮುಂದೆ ನಿಂತಾಗ ಹೊಳೀದೇ ಹೋದ್ರೆ ಎಷ್ಟು ಗಾಬರಿ ಆಗುತ್ತೆ ಅನ್ನೋದು ಅನುಭವಿಸಿದೋರಿಗೇ ಗೊತ್ತು.

ಐದನೇ ಡಾಕ್ಟರು ಕೀಲು-ಮೂಳೆ ವಾತದ ಸ್ಪೆಷಲಿಸ್ಟು, ರುಮಟಾಲಜಿಸ್ಟ್ ಅಂತಾರಲ್ಲ, ಅವರು. ಹೊಸ ಟೆಸ್ಟ್ ಒಂದೂ ಬರೀಲಿಲ್ಲ. ಚೀಲದಲ್ಲಿದ್ದಿದ್ದನ್ನೆಲ್ಲ ಓದಿದ್ರು, ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದ್ರು, ಅಲ್ಲಲ್ಲಿ ಒತ್ತಿ ನೋಡಿದ್ರು. ಆಮೇಲೆ 'ಇದಕ್ಕೆ ಫೈಬ್ರೋಮಯಾಲ್ಜಿಯ ಅಂತಾರೆ' ಅಂದ್ರು. ಕಾಯಿಲೆ ಹೆಸರು ಕೇಳಿ ಅತ್ತೋರನ್ನ ನೋಡಿದೀನಿ. ನಾನು ಅತ್ತಿದ್ದು ಸಮಾಧಾನಕ್ಕೆ!

ಮನೆಗೆ ಬಂದು ಓದೋಕೆ ಕೂತೆ. ಹೆಸರಿನ ಅರ್ಥ ಇಷ್ಟೇ: ಫೈಬ್ರೋ ಅಂದ್ರೆ ನಾರು, ಮಯೋ ಅಂದ್ರೆ ಸ್ನಾಯು, ಆಲ್ಜಿಯ ಅಂದ್ರೆ ನೋವು. ಎಲ್ಲಿ ನೋಯುತ್ತೆ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. 1904ರಲ್ಲಿ ಗೋವರ್ಸ್ ಅನ್ನೋ ಇಂಗ್ಲೆಂಡಿನ ನರವೈದ್ಯರು ಇಂಥ ನೋವಿಗೆ 'ಫೈಬ್ರೋಸೈಟಿಸ್' ಅಂತ ಹೆಸರಿಟ್ಟಿದ್ರು, ನಾರಿನಂಥ ಅಂಗಾಂಶಕ್ಕೆ ಉರಿಯೂತ ಆಗಿರುತ್ತೆ ಅಂದ್ಕೊಂಡು. ಆಮೇಲೆ ಹುಡುಕಿದ್ರೆ ಅಂಥ ಉರಿಯೂತ ಸಿಗಲಿಲ್ಲ, 1976ರ ಹೊತ್ತಿಗೆ ಈಗಿನ ಹೆಸರು ಬಂತು. 1990ರಲ್ಲಿ ಅಮೆರಿಕದ ರುಮಟಾಲಜಿ ಕಾಲೇಜು ಒಂದು ನಿಯಮ ಮಾಡ್ತು: ಮೈಮೇಲಿನ 18 ಗುರುತಿನ ಜಾಗಗಳಲ್ಲಿ ಒತ್ತಿದಾಗ ಕನಿಷ್ಠ 11 ಕಡೆ ನೋಯಬೇಕು. 2010ರಲ್ಲಿ ಅದನ್ನ ಬದಲಾಯಿಸಿ, ಮೈಯಲ್ಲಿ ಎಷ್ಟು ಕಡೆ ನೋವಿದೆ, ಸುಸ್ತು ಎಷ್ಟು, ನಿದ್ದೆ ಹೇಗೆ, ಮರೆವು ಎಷ್ಟು, ಮೂರು ತಿಂಗಳಿಂದ ಇದೆಯಾ ಅಂತ ಲೆಕ್ಕ ಹಾಕೋಕೆ ಶುರುಮಾಡಿದ್ರು. ಅಂದ್ರೆ ಕೇಳಿ ತಿಳ್ಕೊಳ್ಳೋ ಕಾಯಿಲೆ ಇದು. ರಕ್ತದಲ್ಲಿ ಹುಡುಕಿದ್ರೆ ಸಿಗೋದಲ್ಲ.

ಹಾಗಾದ್ರೆ ಕಾರಣ ಏನು? ನಾನು ಅರ್ಥ ಮಾಡ್ಕೊಂಡಿದ್ದನ್ನ ಹೀಗೆ ಹೇಳ್ತೀನಿ. ನಮ್ಮೂರು ತಿಪಟೂರಿನ ಕಡೆ. ತೋಟದ ಮನೇಲಿ ನಾಯಿ ಇರುತ್ತೆ. ಕಳ್ಳ ಬಂದ್ರೆ ಬೊಗಳಬೇಕು, ಅದರ ಕೆಲಸ ಅದು. ನೋವೂ ಹಾಗೇನೇ. ಆದ್ರೆ ಕೆಲವು ನಾಯಿ ಹಾಲಿನೋನು ಬಂದ್ರೂ ಬೊಗಳುತ್ತೆ, ತೆಂಗಿನ ಗರಿ ಬಿದ್ರೂ ಬೊಗಳುತ್ತೆ, ರಾತ್ರಿಯಿಡೀ ನಿಲ್ಲಿಸೋದೇ ಇಲ್ಲ. ನನ್ನ ನರಮಂಡಲ ಅಂಥ ನಾಯಿ ಆಗಿದೆ. ಟೆಸ್ಟ್ ಮಾಡೋರು ಕಳ್ಳನ್ನ ಹುಡುಕ್ತಾರೆ. ಕಳ್ಳ ಇಲ್ಲ, ನಿಜ. ಹಾಗಂತ ನಾಯಿ ಬೊಗಳ್ತಾನೇ ಇಲ್ಲ ಅನ್ನೋಕಾಗುತ್ತಾ?

ಇದು ಬರೀ ಹೋಲಿಕೆ ಅಲ್ಲ. 2002ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆ ಇರೋರ ಮತ್ತು ಇಲ್ಲದೋರ ಹೆಬ್ಬೆರಳಿನ ಉಗುರನ್ನ ಒತ್ತಿ, ಮಿದುಳನ್ನ ಸ್ಕ್ಯಾನ್ ಮಾಡಿ ನೋಡಿದ್ರು. ಬೇರೆಯವರಿಗೆ ಏನೂ ಅನ್ನಿಸದಷ್ಟು ಸಣ್ಣ ಒತ್ತಡಕ್ಕೇ ಇವರ ಮಿದುಳಿನ ನೋವಿನ ಭಾಗಗಳು ಎಚ್ಚೆತ್ತುಕೊಂಡಿದ್ವು. ಬೆನ್ನುಹುರಿಯ ದ್ರವದಲ್ಲಿ ನೋವಿನ ಸುದ್ದಿ ಸಾಗಿಸೋ 'ಸಬ್‌ಸ್ಟೆನ್ಸ್ ಪಿ' ಅನ್ನೋ ರಾಸಾಯನಿಕ ಜಾಸ್ತಿ ಇರೋದನ್ನ ಅದಕ್ಕೂ ಮೊದಲೇ ಕಂಡಿದ್ರು. ಅಂದ್ರೆ ನಾನು ನೋವು ಕಲ್ಪಿಸ್ಕೊಳ್ತಾ ಇಲ್ಲ.

ನಾಯಿಗೆ ಹೀಗೆ ಹುಚ್ಚು ಹಿಡಿಸಿದ್ದು ಯಾರು? ಇಲ್ಲಿ ಒಬ್ಬನೇ ಆರೋಪಿ ಇಲ್ಲ. ನಿದ್ದೆ ಒಂದು. 1975ರಲ್ಲಿ ಕೆನಡಾದ ಮಾಲ್ಡಾಫ್‌ಸ್ಕಿ ಮತ್ತವರ ಸಂಗಡಿಗರು ಆರೋಗ್ಯವಾಗಿದ್ದವರಿಗೇ ಗಾಢನಿದ್ದೆ ಬರೋ ಹೊತ್ತಿಗೆ ಶಬ್ದ ಮಾಡಿ ಕೆಡಿಸಿದಾಗ ಅವರಿಗೂ ಮೈಕೈ ನೋವು ಶುರುವಾಯ್ತಂತೆ, ಸರಿಯಾಗಿ ಮಲಗಿದ ಮೇಲೆ ಹೋಯ್ತಂತೆ. ಇನ್ನೊಂದು, 2013ರಿಂದ ಈಚೆಗೆ ಬಂದ ಸಂಶೋಧನೆಗಳ ಪ್ರಕಾರ ರೋಗಿಗಳಲ್ಲಿ ಸುಮಾರು ಅರ್ಧ ಜನಕ್ಕೆ ಚರ್ಮದ ಅತಿ ಸಣ್ಣ ನರತಂತುಗಳಿಗೆ ಹಾನಿಯಾಗಿರುತ್ತೆ. ಮಾಮೂಲಿ ನರದ ಟೆಸ್ಟಿಗೆ ಇದು ಸಿಕ್ಕೋದೇ ಇಲ್ಲ. 2021ರಲ್ಲಿ ರೋಗಿಗಳ ರಕ್ತದಲ್ಲಿನ ಪ್ರತಿಕಾಯಗಳನ್ನ ಇಲಿಗಳಿಗೆ ಕೊಟ್ಟಾಗ ಇಲಿಗಳಿಗೂ ನೋವಿನ ಸೂಕ್ಷ್ಮತೆ ಬಂತು, ಪ್ರತಿಕಾಯ ಕಮ್ಮಿಯಾದ ಮೇಲೆ ಸರಿಹೋಯ್ತು. ರೋಗನಿರೋಧಕ ಶಕ್ತಿಯ ಎಡವಟ್ಟೂ ಇರಬಹುದು ಅನ್ನೋ ಅನುಮಾನ ಅಲ್ಲಿಂದ ಗಟ್ಟಿಯಾಯ್ತು. ಇನ್ನು ಕೆಲವರಿಗೆ ಅಪಘಾತ, ಆಪರೇಷನ್, ಬಹುಕಾಲದ ಮನಸ್ಸಿನ ಒತ್ತಡ ಅಥವಾ ಒಂದು ಸೋಂಕು ಆದ್ಮೇಲೆ ಇದು ಶುರುವಾಗುತ್ತೆ.

ಸೋಂಕು ಅಂದ ಕೂಡ್ಲೇ ನಂಗೆ 2006 ನೆನಪಾಗುತ್ತೆ. ಆ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನಕ್ಕೆ ಚಿಕೂನ್‌ಗುನ್ಯ ಅಂತ ಲೆಕ್ಕ ಸಿಕ್ಕಿತ್ತು. ನಮ್ಮನೇಲಿ ಎಲ್ಲರೂ ಮಲಗಿದ್ವಿ, ನೀರು ಕೊಡೋಕೂ ಒಬ್ಬರಿರಲಿಲ್ಲ. ಬಾವಿಕಟ್ಟೆವರೆಗೆ ಹೋಗೋಕೆ ಕೋಲು ಹಿಡ್ಕೊಂಡಿದ್ದೆ, ಇಪ್ಪತ್ತೈದನೇ ವಯಸ್ಸಿಗೆ! ನನ್ನ ಕೀಲುನೋವು ಪೂರ್ತಿ ಬಿಡೋಕೆ ಎಂಟು ತಿಂಗಳು ಹಿಡೀತು. ಈಗಿನದಕ್ಕೆ ಬೀಜ ಅದೇನಾ? ಎರಡನೇ ಹೆರಿಗೆ ಆದ್ಮೇಲೆ ವರ್ಷಗಟ್ಟಲೆ ಕೆಟ್ಟ ನಿದ್ದೆನಾ? ಡಾಕ್ಟರನ್ನ ಕೇಳಿದೆ. 'ಶುರು ಮಾಡಿದ್ದು ಯಾವುದು ಅನ್ನೋದು ಬೇರೆ, ಈಗ ಅದನ್ನ ನಡೆಸ್ಕೊಂಡು ಹೋಗ್ತಿರೋದು ಯಾವುದು ಅನ್ನೋದು ಬೇರೆ. ಎರಡನೇದು ನಮ್ಮ ಕೈಲಿ ಸ್ವಲ್ಪ ಇದೆ' ಅಂದ್ರು. ಕಾರಣ ಹುಡುಕ್ತಾ ಕೊರಗ್ತಿದ್ದ ನಂಗೆ ಇಷ್ಟು ಸಾಕಾಯ್ತು.

ಇನ್ನೊಂದು ಪ್ರಶ್ನೆ ಕೇಳಿದ್ರು: 'ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?'

ಅಮ್ಮ. ನಾನು ಕಂಡ ಹಾಗೆ ಅಮ್ಮನಿಗೆ ಮೈನೋವಿಲ್ಲದ ದಿನವೇ ಇರಲಿಲ್ಲ. 'ಮೈಯೆಲ್ಲ ಹಿಂಡಿ ಹಾಕ್ದಂಗಾಗ್ತೈತೆ ಕಣವ್ವ' ಅಂತ ಹಣೆಗೆ ಬಟ್ಟೆ ಕಟ್ಟಿಕೊಂಡೇ ಮುದ್ದೆ ತೊಳಸ್ತಿದ್ಲು. ನಮ್ಮಜ್ಜಿ, ಅಂದ್ರೆ ಅಪ್ಪನ ಅಮ್ಮ, ಊರವರ ಮುಂದೆ 'ಸೊಂಬೇರಿ ಸೊಸೆ, ಕೆಲ್ಸ ಅಂದ್ರೆ ಮೈನೋವು' ಅಂತಿದ್ರು. ತಾಯತ ಕಟ್ಟಿಸಿದ್ದಾಯ್ತು, ಸೂಜಿ ಚುಚ್ಚಿಸಿದ್ದಾಯ್ತು. ಆ ಹೆಸರು ಮಾತ್ರ ಹೋಗಲಿಲ್ಲ. 2004ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಈ ಕಾಯಿಲೆ ಇರೋರ ತಂದೆತಾಯಿ, ಒಡಹುಟ್ಟಿದೋರು, ಮಕ್ಕಳಲ್ಲಿ ಇದು ಬರೋ ಸಂಭವ ಎಂಟು ಪಟ್ಟು ಜಾಸ್ತಿ ಅಂತ ಕಂಡಿತ್ತು. ಅಮ್ಮನ್ನ ಕರ್ಕೊಂಡು ಬಂದು ತೋರಿಸ್ದೆ. ಡಾಕ್ಟರು ಅವಳನ್ನೂ ಅಷ್ಟೇ ಹೊತ್ತು ಕೇಳಿ, ಮಂಡಿ ಸವೆದಿರೋದು ಬೇರೆ, ಅದರ ಜೊತೆ ಇದೂ ಇದೆ ಅಂದ್ರು. ಬಸ್ಸಲ್ಲಿ ವಾಪಸ್ ಬರೋವಾಗ ಅಮ್ಮ ತುಂಬ ಹೊತ್ತು ಕಿಟಕಿಯಾಚೆ ನೋಡ್ತಾ ಇದ್ಲು. ಆಮೇಲೆ ಹೇಳಿದ್ದು ಇಷ್ಟೇ: 'ನಿಮ್ಮಜ್ಜಿ ಇರ್ಬೇಕಿತ್ತು ಕಣವ್ವ.'

ನಂಗೂ ಸ್ಕೂಲಲ್ಲಿ ಹೆಚ್ಚುಕಮ್ಮಿ ಅದೇ ಹೆಸರು. ಕೆಳಗಿನ ಮಹಡಿಯ ಕ್ಲಾಸು, ಒಂದು ಎತ್ತರದ ಕುರ್ಚಿ, ಎರಡು ಪೀರಿಯಡ್ ನಡುವೆ ಸ್ವಲ್ಪ ಬಿಡುವು ಕೇಳಿದ್ದೆ. 'ನೋಡೋಕೆ ಚೆನ್ನಾಗೇ ಇದೀರಲ್ಲ ಮೇಡಂ' ಅನ್ನೋ ಉತ್ತರ ಸ್ಟಾಫ್ ರೂಮಲ್ಲಿ ಎಲ್ಲರ ಮುಂದೆ ಬಂತು. ಅವತ್ತು ರಾತ್ರಿ ರಾಜೀನಾಮೆ ಪತ್ರ ಬರೆದೆ. ಇವರು ಓದಿ, 'ಕೊಡೋದಾದ್ರೆ ಕೊಡು. ಆದ್ರೆ ನೋವಿಗೆ ಕೊಡು, ಅವರ ಮಾತಿಗೆ ಕೊಡಬೇಡ' ಅಂದ್ರು. ಪತ್ರ ಇನ್ನೂ ಬೀರುವಲ್ಲಿದೆ. ಈ ಜೂನಿಂದ ಕೆಳಗಿನ ಕ್ಲಾಸು ಸಿಕ್ಕಿದೆ, ಬಿಡುವು ಸಿಕ್ಕಿಲ್ಲ. ಕುರ್ಚಿ ನಾನೇ ಮನೆಯಿಂದ ಹೊತ್ಕೊಂಡು ಹೋದೆ, ಅಂದ್ರೆ ಇವರ ಕೈಲಿ ಹೊರಿಸಿದೆ :-) ಬೋರ್ಡ್ ಮೇಲೆ ಮಕ್ಕಳೇ ಬರೀತಾರೆ, ನಾನು ಕೂತು ಹೇಳ್ತೀನಿ. ಅವರಿಗೂ ಲೆಕ್ಕ ಚೆನ್ನಾಗಿ ಹತ್ತುತ್ತಿದೆ. ಮಾರ್ಚ್‌ವರೆಗೆ ನೋಡೋಣ ಅಂದ್ಕೊಂಡಿದೀನಿ.

ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರೆಗಾಬಾಲಿನ್, 2008ರಲ್ಲಿ ಡ್ಯುಲೋಕ್ಸೆಟಿನ್ ಅನ್ನೋ ಮಾತ್ರೆಗಳಿಗೆ ಇದಕ್ಕೆಂದೇ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಹಿಡಿಸುತ್ತೆ, ಕೆಲವರಿಗೆ ತಲೆಸುತ್ತು. ನಂಗೆ ರಾತ್ರಿ ಒಂದು ಸಣ್ಣ ಮಾತ್ರೆ ಇದೆ, ನಿದ್ದೆಗೆ ಅನುಕೂಲ. ಯುರೋಪಿನ ತಜ್ಞರು 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ನೋಯೋ ಮೈಗೆ ವ್ಯಾಯಾಮನಾ ಅಂತ ಮೊದಲು ಸಿಟ್ಟು ಬಂದಿತ್ತು. ಐದು ನಿಮಿಷದ ನಡಿಗೆಯಿಂದ ಶುರುಮಾಡಿದೆ, ವಾರಕ್ಕೆ ಒಂದೇ ನಿಮಿಷ ಏರಿಸ್ತಾ ಹೋದೆ. ಈಗ ಇಪ್ಪತ್ತೈದು. ಚೆನ್ನಾಗಿರೋ ದಿನ ಎಲ್ಲಾ ಕೆಲಸ ಮುಗಿಸಿಬಿಡೋಣ ಅನ್ನೋ ಆಸೆಗೆ ಬೀಳದೇ ಇರೋದು ನಡಿಗೆಗಿಂತ ಕಷ್ಟದ ಅಭ್ಯಾಸ!

ಇದನ್ನ ಓದಿ ನೀವಾಗೇ ಕಾಯಿಲೆಗೆ ಹೆಸರಿಟ್ಕೊಬೇಡಿ. ಥೈರಾಯ್ಡ್, ಸಂಧಿವಾತ, ವಿಟಮಿನ್ ಕೊರತೆ ಎಲ್ಲಾ ಇದೇ ಥರ ನೋಯಿಸುತ್ತೆ, ಆ ಟೆಸ್ಟುಗಳು ಬೇಕೇ ಬೇಕು. ಆದ್ರೆ ನಿಮ್ಮ ಮನೇಲಿ 'ಯಾವಾಗಲೂ ಮೈನೋವು' ಅನ್ನೋ ಒಬ್ಬ ಅಮ್ಮನೋ ಅತ್ತೆನೋ ಚಿಕ್ಕಮ್ಮನೋ ಇದ್ರೆ, ಇವತ್ತು ಒಂದು ಸಲ ಪಕ್ಕದಲ್ಲಿ ಕೂತು 'ಎಲ್ಲಿ ನೋಯುತ್ತೆ, ರಾತ್ರಿ ನಿದ್ದೆ ಬರುತ್ತಾ?' ಅಂತ ಕೇಳಿ. ಉತ್ತರ ಉದ್ದ ಇರಬಹುದು. ಪೂರ್ತಿ ಕೇಳಿಸ್ಕೊಳ್ಳಿ.