ಶುಶ್ರೂಷಕಿಯ ಮುಂದಿನ ಓದು: ಒಂದು ಮಶ್ವರಾ

ಖಂದಕ್ ಯುದ್ಧದಲ್ಲಿ ಬಾಣ ತಾಗಿ ಗಾಯಗೊಂಡ ಹಝ್ರತ್ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಮಸೀದಿಯಲ್ಲೇ ಹಾಕಿದ್ದ ಡೇರೆಯೊಂದರಲ್ಲಿ ಇರಿಸಿದರು. ಅಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ಹಝ್ರತ್ ರುಫೈದಾ(ರ) ಎಂದು ಚರಿತ್ರೆಯಲ್ಲಿದೆ. ಹಝ್ರತ್ ಉಮ್ಮು ಅತಿಯ್ಯಾ(ರ) 7 ಯುದ್ಧಗಳಲ್ಲಿ ಗಾಯಾಳುಗಳನ್ನೂ ರೋಗಿಗಳನ್ನೂ ನೋಡಿಕೊಂಡವರು. ಮದ್ರಸಾದ ಮಕ್ಕಳಿಗೆ ಈ ಪ್ರಸಂಗಗಳನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಮನೆಯ ಮಗಳೊಬ್ಬಳು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಡುತ್ತೇನೆಂದಾಗ ನಮ್ಮ ಅಭಿಮಾನ ಸ್ವಲ್ಪ ತಡವರಿಸುತ್ತದೆ.

ಸೊರಟೂರಿನ ಕುಟುಂಬವೊಂದರ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ನೋಂದಣಿ ಪಡೆದು, ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ 2 ವರ್ಷ ದುಡಿದಿದ್ದಾಳೆ. ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಬೋಧಕಿಯಾಗಲಿ, ಹಗಲಿನ ಕೆಲಸ, ಸಂಜೆಗೆ ಮನೆ ಎಂಬುದು ತಾಯಿಯ ಅಪೇಕ್ಷೆ. ಮಗಳಿಗಾದರೋ ರೋಗಿಯ ಹಾಸಿಗೆಯ ಬಳಿಯಿಂದ ಸರಿಯಲು ಮನಸ್ಸಿಲ್ಲ. ಆಕೆ ಕೇಳುತ್ತಿರುವುದು ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಸ್ನಾತಕೋತ್ತರ ವ್ಯಾಸಂಗ. ಮಶ್ವರಾ ಕೇಳಿ ತಂದೆ ನಮ್ಮಲ್ಲಿಗೆ ಬಂದರು.

ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಈ ಓದು 2 ವರ್ಷದ್ದು. ಬಿ.ಎಸ್ಸಿ. ಪದವಿ, ನೋಂದಣಿ, ಕನಿಷ್ಠ 1 ವರ್ಷದ ಆಸ್ಪತ್ರೆಯ ಅನುಭವ ಬೇಕು. ಶೇ. 20ರಷ್ಟು ಪಾಠ, ಉಳಿದ ಶೇ. 80ರಷ್ಟು ರೋಗಿಗಳ ನಡುವೆಯೇ. ಜಿ.ಎನ್.ಎಂ. ಮಾಡಿದವರು ಮೊದಲು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಬೇಕು. ಹೆರಿಗೆ ವಿಭಾಗದಲ್ಲಿ ಆಸಕ್ತಿಯಿದ್ದವರಿಗೆ, 2018ರ ಕೇಂದ್ರ ಮಾರ್ಗಸೂಚಿಯಂತೆ 18 ತಿಂಗಳ ಸೂಲಗಿತ್ತಿ ತರಬೇತಿಯೇ ಬೇರೆಯಿದೆ.

ತಾಯಿಯ ಆತಂಕ ರಾತ್ರಿ ಪಾಳಿಯದ್ದು, ಪರ್ದಾದ್ದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ತಾಯಿಯೋ ಸೊಸೆಯೋ ಐಸಿಯುನಲ್ಲಿ ಮಲಗಿದಾಗ ಹೆಣ್ಣು ನರ್ಸೇ ಬೇಕೆಂದು ಬಾಗಿಲಲ್ಲಿ ನಿಂತು ಕೇಳುವವರೂ ನಾವೇ ಅಲ್ಲವೇ? ಅವಳು ಯಾರ ಮನೆಯಿಂದ ಬರಬೇಕು? ಬಂದವಳು ಅರ್ಧಂಬರ್ಧ ಕಲಿತವಳಾದರೆ ಸಾಕೇ? ವೈದ್ಯ ಬಾರದೆ ವೈದ್ಯ ಮಾಡಿದವನೇ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಅಬೂದಾವೂದ್‌ನಲ್ಲಿದೆ. ಹೆಚ್ಚು ಕಲಿಯುವುದು ಇಲ್ಲಿ ಮಹತ್ವಾಕಾಂಕ್ಷೆಯಷ್ಟೇ ಅಲ್ಲ, ಅಮಾನತ್ತಿನ ಭಾಗವೂ ಹೌದು.

ಹಾಗೆಂದು ಹೆಸರಿಗೆ ಮರುಳಾಗಬಾರದು. ಅಮೆರಿಕದ ಹಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವತಂತ್ರವಾಗಿ ಔಷಧಿ ಬರೆಯುತ್ತಾಳೆ. ನಮ್ಮಲ್ಲಿ ಆಸ್ಪತ್ರೆಯ ನಿಯಮಾವಳಿಯೊಳಗೆ, ವೈದ್ಯರ ಜೊತೆಗೂಡಿ ಕೆಲಸ ಮಾಡಬೇಕು. ಇದನ್ನು ಕಲಿತು ಊರಿಗೆ ಬಂದು ಸ್ವಂತ ದವಾಖಾನೆ ತೆರೆಯಬಹುದೆಂದು ತಂದೆ ಎಣಿಸಿದ್ದರು. ಅದು ಆಗದೆಂದು ನೇರವಾಗಿಯೇ ಹೇಳಿದೆವು. ಪಾಠ ಮಾಡುವ ಹುದ್ದೆಯೇ ಗುರಿಯಾದರೆ ಎಂ.ಎಸ್ಸಿ. ಪರಿಚಿತ ದಾರಿ, ಅದರಲ್ಲಿ ಕೀಳೇನೂ ಇಲ್ಲ.

ಕಾಲೇಜು ಆರಿಸುವಾಗ ಕಟ್ಟಡ ನೋಡದೆ ಐಸಿಯು ನೋಡಿರೆಂದೆವು. ಹಾಸಿಗೆಗಳೆಷ್ಟು, ಎಂಥ ರೋಗಿಗಳು ಬರುತ್ತಾರೆ, ಪಕ್ಕದಲ್ಲಿ ನಿಂತು ಕಲಿಸುವ ವೈದ್ಯರು ಯಾರು? ಪರಿಷತ್ತಿನ ಮತ್ತು ವಿಶ್ವವಿದ್ಯಾಲಯದ ಮಾನ್ಯತೆಯ ಪತ್ರವನ್ನು ಕಣ್ಣಾರೆ ನೋಡಬೇಕು. ವಿದ್ಯಾರ್ಥಿನಿಯನ್ನು ಕಡಿಮೆ ಖರ್ಚಿನ ಆಳಾಗಿ ದುಡಿಸಿಕೊಳ್ಳುವ ಜಾಗವೂ ಇರಬಹುದು. ಅದನ್ನು ಈಗ ಓದುತ್ತಿರುವ ಹುಡುಗಿಯರನ್ನೇ ಕೇಳಬೇಕು, ಕಚೇರಿಯವರನ್ನಲ್ಲ. ಸ್ಟೈಪೆಂಡ್ ಎಷ್ಟೆಂಬುದು ಆಯಾ ಆಸ್ಪತ್ರೆಯ ಮೇಲಿದೆ. ಬಡ್ಡಿಯ ಸಾಲಕ್ಕೆ ಕೈಯೊಡ್ಡದೆ ಓದಬೇಕೆನ್ನುವ ಮನೆಗೆ ಇದು ಸಣ್ಣ ಮಾತಲ್ಲ. ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ದುಡಿಯಬೇಕೆಂಬ ಬಾಂಡ್ ಇದ್ದರೆ ಸಹಿಗೆ ಮುಂಚೆ ಓದಬೇಕು, ಏಕೆಂದರೆ ನಿಕಾಹ್‌ನ ಮಾತುಕತೆಯೂ ಆ ವರ್ಷಗಳಲ್ಲೇ ಬರುತ್ತದೆ.

ಇಸ್ತಿಖಾರ ಮಾಡಿ ಕನಸಿಗಾಗಿ ಕಾಯುವವರಿದ್ದಾರೆ. ಕನಸು ಅದರ ಷರತ್ತಲ್ಲ. ವಿಚಾರಿಸಿ, ಬಲ್ಲವರೊಡನೆ ಸಮಾಲೋಚಿಸಿ, ಎರಡು ರಕಅತ್ ನಮಾಝ್ ಮಾಡಿ ಒಳಿತನ್ನು ಬೇಡಿ ಹೆಜ್ಜೆಯಿಡುವುದು. ತಂದೆ-ಮಗಳು ಎರಡು ಕಡೆ ನೋಡಿ ಬಂದಿದ್ದಾರೆ. ಮೂರನೆಯದಕ್ಕೆ ತಾಯಿಯೂ ಜೊತೆಗೆ ಹೋಗುತ್ತಾರಂತೆ, ಹಾಸ್ಟೆಲಿನಿಂದ ವಾರ್ಡಿಗೆ ರಾತ್ರಿ ನಡೆಯುವ ದಾರಿ ಹೇಗಿದೆಯೆಂದು ನೋಡಲು.